ಪುಟ್ಟಿಯ ಪ್ರಾಜೆಕ್ಟು, ದನಗಳ ಜಾತ್ರೆ

14 ಜೂನ್ 2025, ಶನಿವಾರ
ತುಮಕೂರು

ಬಟವಾಡಿಯಿಂದ ಪುಟ್ಟಿ ಲ್ಯಾಪ್‌ಟಾಪ್ ಹೊತ್ತು ಬಂದಳು. ವಿಡಿಯೋ ಕುಗ್ಗಿಸುವ ಚಿಪ್ಪಿನ ಒಂದು ಭಾಗ, ಮೋಷನ್ ಎಸ್ಟಿಮೇಷನ್, ಅವಳ ಪ್ರಾಜೆಕ್ಟು. ಫ್ರೇಮಿನ, ಅಂದರೆ ವಿಡಿಯೋದ ಒಂದು ಚಿತ್ರದ, ಒಂದೊಂದು ಚೌಕ (ಬ್ಲಾಕ್) ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಅಂತ ಹುಡುಕುವ ಕೆಲಸ. ಸರ್ಕ್ಯೂಟು ಸಮಯಕ್ಕೆ ಸರಿಯಾಗಿ ಲೆಕ್ಕ ಮುಗಿಸುತ್ತಾ ಅಂತ ಹೇಳುವ ಟೈಮಿಂಗ್ ರಿಪೋರ್ಟ್ ಪೂರ್ತಿ ಕೆಂಪು.

"ಅಣ್ಣ, ಚಿಪ್ ಜೋಡಿಸೋ ಟೂಲನ್ನ ರಾತ್ರಿಯೆಲ್ಲಾ ಓಡಿಸಿದೆ. ಸ್ಲ್ಯಾಕ್ ಇನ್ನೂ ಮೈನಸ್ಸೇ."

ಸ್ಲ್ಯಾಕ್ ಅಂದರೆ ಮಿಗುವ ಸಮಯ; ಮೈನಸ್ ಆದರೆ ಸಮಯ ಸಾಲದು ಅಂತ. ಕೋಡ್ ನೋಡಿದೆ. 16×16 ಪಿಕ್ಸೆಲ್ ಬ್ಲಾಕಿಗೂ ಹಿಂದಿನ ಫ್ರೇಮಿಗೂ ಇರುವ 256 ವ್ಯತ್ಯಾಸಗಳನ್ನೂ ಒಂದೇ ಕ್ಲಾಕಿನಲ್ಲಿ, ಚಿಪ್ಪಿನ ಒಂದೇ ಬಡಿತದಲ್ಲಿ, ಕೂಡಿಸಲು ಹೊರಟಿದ್ದಾಳೆ! ನಡುವೆ ರಿಜಿಸ್ಟರ್ (ಅರ್ಧ ಆದ ಲೆಕ್ಕ ಹಿಡಿದಿಡುವ ಜಾಗ) ಹಾಕಿ, ಕೆಲಸವನ್ನು ಹಲವು ಕ್ಲಾಕಿಗೆ ಹಂಚಿ ಪೈಪ್‌ಲೈನ್ ಮಾಡು, ಕೆಂಪು ಹೋಗುತ್ತೆ ಅಂದೆ. ಅದು ಸುಲಭದ್ದು. ನನಗೆ ಕಿರಿಕಿರಿಯಾಗಿದ್ದು ಬೇರೆ. ಹಿಂದಿನ ಫ್ರೇಮಿನಲ್ಲಿ ಎಲ್ಲಾ ದಿಕ್ಕಿಗೂ 16 ಪಿಕ್ಸೆಲ್ ದೂರದವರೆಗೆ ಹುಡುಕುತ್ತಾಳೆ. ಅಂದರೆ ಒಂದು ಬ್ಲಾಕಿಗೆ 33×33, 1089 ಜಾಗ. 1080ಪಿ ಫ್ರೇಮಿನಲ್ಲಿ ಇಂಥ ಬ್ಲಾಕ್ 8160. ಒಂದೊಂದು ಫ್ರೇಮಿಗೂ 227 ಕೋಟಿ ಕಳೆಯುವ ಲೆಕ್ಕ. ಬ್ಯಾಟರಿ ಏನಾಗಬೇಕು?

"ಸಿದ್ಧಗಂಗೆ ಜಾತ್ರೇಲಿ ನಿನ್ನ ತಮ್ಮ ಕಾಣದಿದ್ರೆ ಇಡೀ ಬೆಟ್ಟ ಹುಡುಕ್ತೀಯಾ?"

"ಇಲ್ಲಪ್ಪ. ಅವನು ಯಾವಾಗ್ಲೂ ದನಗಳ ಹತ್ರಾನೇ ಇರ್ತಾನೆ."

ಅಷ್ಟೇ! ಪಕ್ಕದ ಬ್ಲಾಕ್ ಎತ್ತ ಸರಿಯಿತು, ಹಿಂದಿನ ಫ್ರೇಮಿನಲ್ಲಿ ಇದೇ ಜಾಗ ಎತ್ತ ಸರಿದಿತ್ತು, ಮೊದಲು ಅಲ್ಲಿ ನೋಡು. ಸಿಗದಿದ್ರೆ ಸುತ್ತ ನಾಲ್ಕು ಕಡೆ. ಬಹಳ ಸಲ ಅಲ್ಲೇ ಸಿಗುತ್ತೆ.

"ಸ್ಟ್ಯಾಂಡರ್ಡ್ ಒಪ್ಪುತ್ತಾ?" ಒಳ್ಳೆ ಪ್ರಶ್ನೆ. ವಿಡಿಯೋ ಕುಗ್ಗಿಸುವ ಸ್ಟ್ಯಾಂಡರ್ಡ್, 2003ರ ಎಚ್.264, ಹೇಳುವುದು ಬಿಟ್‌ಗಳ ರೂಪ ಮತ್ತು ಅವನ್ನು ಬಿಚ್ಚುವ ರೀತಿ ಮಾತ್ರ. ಕುಗ್ಗಿಸುವ ಎನ್‌ಕೋಡರ್ ಹೇಗೆ ಹುಡುಕಬೇಕು ಅಂತ ಹೇಳುವುದೇ ಇಲ್ಲ. ಜಾಣತನಕ್ಕೆ ಜಾಗ ಇರುವುದು ಅಲ್ಲೇ.

"ಮತ್ತೆ ಇದನ್ನ ಟೂಲೇ ಯಾಕೆ ಹೇಳಲ್ಲ?"

ಕೊಟ್ಟ ಗೇಟುಗಳನ್ನು, ಚಿಪ್ಪಿನ ಚಿಕ್ಕ ಲಾಜಿಕ್ ತುಣುಕುಗಳನ್ನು, ಟೂಲ್ ನನಗಿಂತ ಸಾವಿರ ಪಾಲು ಚೆನ್ನಾಗಿ ಜೋಡಿಸುತ್ತೆ. ಒಂದೆರಡು ಪಿಕೋಸೆಕೆಂಡಿಗೂ ಹೋರಾಡುತ್ತೆ. ಆದರೆ ಆ 1089 ಜಾಗ ನೋಡಲೇಬೇಕಿತ್ತಾ ಅಂತ ಅದು ಕೇಳಲ್ಲ. ಪುಟ್ಟಿಯ ಗೈಡೂ ಕೇಳಿಲ್ಲವಂತೆ. ಇರಲಿ ಬಿಡಿ.

ಅಮ್ಮ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದರು. ಪುಟ್ಟಿ ತಿಂದು, ಉಳಿದದ್ದನ್ನು ತಮ್ಮನಿಗೆ ಕಟ್ಟಿಸಿಕೊಂಡು ಹೋದಳು.

ಈಗ ಕರೆಂಟಿಲ್ಲ. ಸೊಳ್ಳೆ ಜಾಸ್ತಿ. ಸೋಮವಾರ ನನ್ನ ಕೆಲಸದ ಚಿಪ್ಪಿನ ಏರಿಯಾ ರಿವ್ಯೂ, ಎಷ್ಟು ಜಾಗ ತಿನ್ನುತ್ತೆ ಅನ್ನುವ ಪರಿಶೀಲನೆ, ಬೇರೆ. ಹುಡುಕುವ ವಿಂಡೋದ ಮೆಮೊರಿ, ಅಂದರೆ ಎಸ್‌ರ‍್ಯಾಮ್ ಅರ್ಧ ಮಾಡಿ ಅಂತಾರೆ, ಗೊತ್ತು. ಚಿಪ್ಪಿನಲ್ಲಿ ಜಾಗ ಉಳಿಯುತ್ತೆ, ಸರಿ. ಕೂತು ಮಾತಾಡುವವರ ವಿಡಿಯೋಗೆ ಅದು ಧಾರಾಳ ಸಾಕು. ಆದರೆ ಯಾರಾದರೂ ಕ್ರಿಕೆಟ್ ಹಾಕಿದರೆ, ಕ್ಯಾಮೆರಾ ಚೆಂಡಿನ ಹಿಂದೆ ಬೌಂಡರಿಗೆ ತಿರುಗಿದರೆ, ಆಗ ಆ ಬ್ಲಾಕುಗಳನ್ನೆಲ್ಲ ಎಲ್ಲಿ ಅಂತ...