ಮೂಕ ಸ್ಟೇಷನ್, ಇನ್ನು ಏಳು ವಾರ

ಏಪ್ರಿಲ್

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಒಂದೂವರೆ ಗಂಟೆ ದಾರಿಯ ಸಣ್ಣ ಊರೊಂದರಲ್ಲಿ 1 ಕಿಲೋವ್ಯಾಟ್‌ನ ಎಎಂ, ಅಂದರೆ ಮೀಡಿಯಂ ವೇವ್ ರೇಡಿಯೊ ಸ್ಟೇಷನ್ ಇದೆ. ಯಜಮಾನರಿಗೆ ಎಂಬತ್ತು ದಾಟಿದೆ, ಮಕ್ಕಳಿಗೆ ಇದು ಬೇಡ. ಹೋದ ಆಗಸ್ಟ್ 9ಕ್ಕೆ ಬಾಯಿ ಮುಚ್ಚಿದ ಸ್ಟೇಷನ್ ಆಮೇಲೆ ತೆರೆದಿಲ್ಲ. ಈಗ ಮಾರಾಟಕ್ಕಿದೆ.

ಕೊಳ್ಳುತ್ತಿರುವುದು ನಾನಲ್ಲ. ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೊ ಗೆಳೆಯರು, ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದು ಈಗ ನಿವೃತ್ತರಾದವರು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಇನ್ನೂ ನಾಲಿಗೆ ಏಳುವುದಿಲ್ಲ. ಬಾಯಲ್ಲಿ ‘ಸರ್’, ಮನಸ್ಸಿನಲ್ಲಿ ಮೇಷ್ಟ್ರು. ನಾನೂ ಪಾಲು ಹಾಕೋಣ ಅಂದುಕೊಂಡಿದ್ದೆ. ಆದರೆ ಇಲ್ಲಿನ ಪ್ರಜೆಯಲ್ಲದವರ ಹೆಸರಿಗೆ ಬ್ರಾಡ್‌ಕಾಸ್ಟ್ ಲೈಸೆನ್ಸ್ ಕೊಡುವುದಿಲ್ಲ, ನನ್ನದು ಗ್ರೀನ್ ಕಾರ್ಡ್. ಕಂಪನಿ ಮಾಡಿ ಸಣ್ಣ ಪಾಲು ಇಟ್ಟುಕೊಳ್ಳಬಹುದು, ಆದರೆ ಆ ಕಾಗದದ ರಗಳೆ ಯಾರಿಗೆ ಬೇಕು. ತಮಾಷೆ ಅಂದರೆ ಹ್ಯಾಮ್ ಲೈಸೆನ್ಸ್ ಕೊಡುವಾಗ ಅದೇ ಎಫ್‌ಸಿಸಿ (ರೇಡಿಯೊ ಲೈಸೆನ್ಸ್ ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ) ನನ್ನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಹೀಗಾಗಿ ಹಣ ಅವರದು, ಗುದ್ದಲಿ ನನ್ನದು.

ಇದಕ್ಕೆ ಅವಸರ ಯಾಕೆಂದರೆ, ಸ್ಟೇಷನ್ ಒಂದೇ ಸಮನೆ 12 ತಿಂಗಳು ಸುಮ್ಮನಿದ್ದರೆ ಇಲ್ಲಿನ ಕಾನೂನಿನಲ್ಲಿ ಲೈಸೆನ್ಸ್ ತಾನಾಗಿಯೇ ಮುಗಿದುಹೋಗುತ್ತದೆ. ಎಫ್‌ಸಿಸಿ ಮನಸ್ಸು ಮಾಡಿದರೆ ಉಳಿಸಬಹುದು, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಮಾರಾಟಕ್ಕೂ ಅವರ ಒಪ್ಪಿಗೆ ಬೇಕು. ಅರ್ಜಿ ಹಾಕಬೇಕು, ಪ್ರಕಟಣೆ ಆಗಬೇಕು, ತಕರಾರು ಇದ್ದವರಿಗೆ 30 ದಿನ ಬಿಡಬೇಕು. ಅಲ್ಲಿಯವರೆಗೆ ಸ್ಟೇಷನ್ ಹಳೇ ಯಜಮಾನರದೇ, ಸ್ವಿಚ್ ಹಾಕುವುದೂ ಅವರು ಹೂಂ ಅಂದಮೇಲೆ.

ಒಂದು ದಿನ ಸುಮ್ನೆ ಆನ್ ಮಾಡಿ ಮತ್ತೆ ಮಲಗಿಸಿದರೆ ಆಗಲ್ವಾ ಅಂತ ನಾನೂ ಕೇಳಿದೆ. ಗಡಿಯಾರ ಹೊಸದಾಗಿ ಶುರುವಾಗುತ್ತದೆ, ನಿಜ. ಆದರೆ ವರ್ಷಕ್ಕೊಮ್ಮೆ ಹೀಗೆ ಮಾಡುವವರಿಗೆ ಲೈಸೆನ್ಸ್ ನವೀಕರಣದ ಹೊತ್ತಿಗೆ ಮಂಗಳಾರತಿ ಕಾದಿರುತ್ತದೆ.

ಮೇ 17

ಇವತ್ತು ಜಾಗ ನೋಡಿದೆವು. ಮೊಣಕಾಲುದ್ದ ಹುಲ್ಲು, ನಡುವೆ ಟವರ್. ಎಎಂನಲ್ಲಿ ಟವರ್ ಅಂದರೆ ಆಂಟೆನಾ ಹೊತ್ತ ಕಂಬವಲ್ಲ, ಟವರೇ ಆಂಟೆನಾ. ಅಷ್ಟೂ ಭಾರ ಕೆಳಗೆ ಒಂದು ಪಿಂಗಾಣಿ ಇನ್ಸುಲೇಟರ್ ಮೇಲೆ ಕೂತಿರುತ್ತದೆ. ಸುತ್ತ ಬೇಲಿ ಯಾಕೆಂದರೆ ಸ್ಟೇಷನ್ ಓಡುವಾಗ ಮುಟ್ಟಿದರೆ ಕೈ ಸುಡುತ್ತದೆ. ಇನ್ಸುಲೇಟರ್ ಬಿರುಕಿಲ್ಲದೆ ಇದೆ. ತುದಿಯ ದೀಪ ಕೆಟ್ಟಿದೆ. ಅಲ್ಲಿಗೆ ಹತ್ತುವವರು ಬೇರೆ, ನಾನಲ್ಲ.

ಅಸಲಿ ಆಸ್ತಿ ಮಣ್ಣಿನಡಿ ಇದೆ. ಟವರ್ ಬುಡದಿಂದ ಸುತ್ತಲೂ ಅರ್ಥಿಂಗ್‌ಗೆ 120 ತಾಮ್ರದ ತಂತಿ, ಒಂದೊಂದು ಸುಮಾರು 50 ಮೀಟರ್, ಗೇಣುದ್ದ ಆಳದಲ್ಲಿ. ಎಲ್ಲ ಕೂಡಿಸಿದರೆ 6 ಕಿಲೋಮೀಟರ್. ನೆಲ ಹಿಡಿಯುವುದು ಹೆಚ್ಚು ಕಡಿಮೆ ಎರಡು ಎಕರೆ. ಅದರ ಮೇಲೆ ಮನೆ ಕಟ್ಟುವ ಹಾಗಿಲ್ಲ, ಉಳುವ ಹಾಗೂ ಇಲ್ಲ. ಊರು ಬೆಳೆದ ಕಡೆ ಎಎಂ ಸ್ಟೇಷನ್‌ಗಳು ಮುಚ್ಚುವುದಕ್ಕೆ ಇದೂ ಒಂದು ಕಾರಣ: ಸ್ಟೇಷನ್ನಿಗಿಂತ ಅದರ ಕೆಳಗಿನ ನೆಲಕ್ಕೆ ಬೆಲೆ ಜಾಸ್ತಿ. ಪುಣ್ಯಕ್ಕೆ ಈ ಊರು ಬೆಳೆದಿಲ್ಲ.

ಬುಡದ ಹತ್ತಿರ ಮಣ್ಣು ಕೆದಕಿದ್ದು ಕಂಡಾಗ ಮೇಷ್ಟ್ರು ಮಾತು ನಿಲ್ಲಿಸಿದರು. ತಂತಿಗಳನ್ನೆಲ್ಲ ಒಟ್ಟು ಸೇರಿಸುವ ತಾಮ್ರದ ಅಗಲ ಪಟ್ಟಿಯೇ ಇಲ್ಲ. ಯಾರೋ ಗುಜರಿಗೆ ಹಾಕಿದ್ದಾರೆ. 2024ರ ಫೆಬ್ರವರಿಯಲ್ಲಿ ಅಲಬಾಮಾದ ಜಾಸ್ಪರ್‌ನ ಡಬ್ಲ್ಯುಜೆಎಲ್‌ಎಕ್ಸ್ ಸ್ಟೇಷನ್ನಿನವರು ತಮ್ಮ 200 ಅಡಿ ಟವರನ್ನೇ ಯಾರೋ ಕದ್ದರು ಅಂದಾಗ ನಾನು ನಕ್ಕಿದ್ದೆ. ಈಗ ನಗು ಬರಲಿಲ್ಲ.

ಮೇ ಕೊನೆ

ಮೆಟಲ್ ಡಿಟೆಕ್ಟರ್ ಎರವಲು ತಂದು ಎರಡು ಶನಿವಾರ ಹುಡುಕಿದೆವು. ಸಿಕ್ಕಿದ ತಂತಿ 71. ಉಳಿದವು ಕಿತ್ತುಹೋಗಿವೆ, ಇಲ್ಲವೇ ತುಂಡಾಗಿವೆ. ಮಧ್ಯೆ ಒಂದು ಕುದುರೆ ಲಾಳ, ಲೆಕ್ಕವಿಲ್ಲದಷ್ಟು ಬಿಯರ್ ಮುಚ್ಚಳ.

ಬೆಸುಗೆಗೆ ಬೆಳ್ಳಿ ಸೇರಿದ ಲೋಹವೇ ಬೇಕು. ಮಾಮೂಲಿ ಸೀಸ-ತವರದ್ದು ಮಣ್ಣಿನಲ್ಲಿ ಕೆಲವೇ ವರ್ಷಕ್ಕೆ ಪುಡಿಯಾಗುತ್ತದೆ. ಮೊಣಕಾಲೂರಿ, ಗ್ಯಾಸ್ ಟಾರ್ಚ್ ಹಿಡಿದು, ದಿನಕ್ಕೆ ಇಪ್ಪತ್ತು ಬೆಸುಗೆ ಆದರೆ ದೊಡ್ಡದು. ನನ್ನ ಸೊಂಟ ಎರಡು ದಿನ ರಜೆ ಕೇಳಿತು.

ಜೂನ್ 14

ಶೆಡ್ಡಿನ ಟ್ರಾನ್ಸ್‌ಮಿಟರ್ ಗೇಟ್ಸ್ ಕಂಪನಿಯ ಹಳೇ ಬಿಸಿ-1ಟಿ. ಬೀರುವಿನಷ್ಟು ದೊಡ್ಡದು. ಒಳಗೆ ನಾಲ್ಕು 833ಎ ವಾಲ್ವ್, ಅಂದರೆ ಹಳೇ ರೇಡಿಯೊಗಳಲ್ಲಿದ್ದಂಥ ಗಾಜಿನ ಬುರುಡೆ, ಒಂದೊಂದೂ ತೆಂಗಿನಕಾಯಿ ಗಾತ್ರ. ಹಿಂದಿನ ಬಾಗಿಲು ತೆರೆದರೆ ಇಲಿ ಗೂಡು. ಸ್ಟೇಷನ್ನಿನ ಹಳೇ ಜಾಹೀರಾತು ರಸೀದಿಗಳನ್ನೇ ಚೂರು ಮಾಡಿ ಹಾಸಿಗೆ ಮಾಡಿಕೊಂಡಿವೆ. ವಾಸನೆ ಬಗ್ಗೆ ಬರೆಯುವುದಿಲ್ಲ.

ಒಳಗೆ ಕೈ ಹಾಕುವ ಮುಂಚೆ ಅರ್ಥ್ ಮಾಡಿದ ಕೊಕ್ಕೆಕೋಲಿನಿಂದ, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳನ್ನು ಮುಟ್ಟಿಸಲೇಬೇಕು. ಹತ್ತು ತಿಂಗಳಿಂದ ಕರೆಂಟಿಲ್ಲ, ಆದರೂ ಮೇಷ್ಟ್ರು ಬಿಡಲಿಲ್ಲ. ಎರಡು ಸಾವಿರ ವೋಲ್ಟ್ ದಾಟುವ ಪೆಟ್ಟಿಗೆ, ನೆನಪಿಟ್ಟುಕೊಂಡು ಕೂತಿರುತ್ತದೆ ಅಂದರು.

ಸ್ವಚ್ಛ ಮಾಡಿ, ಇಲಿ ಕಡಿದ ವೈರು ಬದಲಿಸಿ, ವಾಲ್ವ್ ಬಿಸಿ ಮಾಡುವ ಫಿಲಮೆಂಟ್ ಆನ್ ಮಾಡಿದೆವು. ಒಂದೊಂದು ವಾಲ್ವ್‌ಗೂ 10 ವೋಲ್ಟ್, 10 ಆಂಪಿಯರ್. ಅಂದರೆ ಬರೀ ಬಿಸಿ ಮಾಡುವುದಕ್ಕೇ 400 ವ್ಯಾಟ್. ನಾಲ್ಕೂ ಬೆಳಗಿದವು. ಶೆಡ್ಡಿನ ಟ್ಯೂಬ್‌ಲೈಟ್ ಆರಿಸಿ ಸ್ವಲ್ಪ ಹೊತ್ತು ನೋಡುತ್ತಾ ನಿಂತೆವು.

ಆದರೆ ಹೈ ವೋಲ್ಟೇಜ್ ಬರಲಿಲ್ಲ. ರಿಲೇ ನೋಡಿದೆವು, ಫ್ಯೂಸ್ ನೋಡಿದೆವು, ನಕ್ಷೆ ಹರಡಿಕೊಂಡು ಎರಡು ಗಂಟೆ ಕೂತೆವು. ಕೊನೆಗೆ ಗೊತ್ತಾಯಿತು. ಹಿಂದಿನ ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಒತ್ತುವ ಸೇಫ್ಟಿ ಸ್ವಿಚ್ ಒಂದಿದೆ. ಬಾಗಿಲು ಮುಚ್ಚಿದವನು ನಾನು, ಪೂರ್ತಿ ಮುಚ್ಚಿರಲಿಲ್ಲ. ಮೇಷ್ಟ್ರು ಏನೂ ಅನ್ನಲಿಲ್ಲ. ಬಂದು ಮೊಣಕೈಯಲ್ಲಿ ಒಂದು ಗುದ್ದು ಕೊಟ್ಟರು, ಕಟ್ ಅಂತ ಕೂತಿತು. ಅಷ್ಟರಲ್ಲಿ ಕತ್ತಲಾಗಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ಅವರಿಗೆ ಮೈಸೂರಿನ ಕಥೆ ಹೇಳಿದೆ. 1935ರಲ್ಲಿ ಗೋಪಾಲಸ್ವಾಮಿ ಅನ್ನುವ ಸೈಕಾಲಜಿ ಮೇಷ್ಟ್ರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಸ್ಟೇಷನ್ ನಡೆಸಿದ್ದು, ಅದನ್ನು ಆಕಾಶವಾಣಿ ಅಂತ ಕರೆದದ್ದು, ಆ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಬಂದದ್ದು. ‘ಈಗ ನಿಮ್ಮಲ್ಲಿ ಹೀಗೆ ಒಂದು ಎಎಂ ಕೊಂಡುಕೊಳ್ಳಬಹುದಾ?’ ಅಂತ ಕೇಳಿದರು. ಇಲ್ಲ. ಖಾಸಗಿಯವರಿಗೆ ಸಿಕ್ಕಿದ್ದು ಎಫ್‌ಎಂ ಮಾತ್ರ, ಮೀಡಿಯಂ ವೇವ್ ಸರ್ಕಾರದ್ದೇ. ನಮ್ಮಪ್ಪನ ರೇಡಿಯೊ ಮುಳ್ಳು ಧಾರವಾಡದ 765ರ ಮೇಲೆ ಎಷ್ಟು ವರ್ಷ ನಿಂತಿತ್ತೆಂದರೆ, ತಿರುಗಿಸುವ ಗುಂಡಿ ಬಿಗಿದುಕೊಂಡುಬಿಟ್ಟಿತ್ತು.

ಜೂನ್ 21

ಹಣದ ಮಾತು ಕೇಳಿದವರಿಗೆ: ಇಲ್ಲ, ಲಾಭ ಬರುವುದಿಲ್ಲ. ನಮ್ಮದು 1230, 1240, 1340, 1400, 1450, 1490 ಕಿಲೋಹರ್ಟ್ಸ್, ಈ ಆರು ಫ್ರೀಕ್ವೆನ್ಸಿಗಳಲ್ಲಿ ಒಂದು. ಇವಕ್ಕೆ ರೇಡಿಯೊ ಮಂದಿ ಇಟ್ಟ ಹೆಸರು ‘ಸ್ಮಶಾನ’. ಒಂದೊಂದರ ಮೇಲೂ ದೇಶದ ತುಂಬ ಸಣ್ಣ ಸ್ಟೇಷನ್‌ಗಳ ಸಂತೆ. ಕತ್ತಲಾದ ಮೇಲೆ ಎಲ್ಲರ ದನಿ ದೂರ ದೂರ ಹೋಗಿ ಕಲಸುಮೇಲೋಗರ, ನಮ್ಮ ಸಿಗ್ನಲ್ ಊರಾಚೆ ಕೆಲವೇ ಮೈಲಿ ದಾಟಿದರೆ ಗೊಜಗೊಜ. ಎಷ್ಟೋ ಎಎಂಗಳು ಈಗ ಬದುಕಿರುವುದು ಜೊತೆಗೆ ಸಿಕ್ಕ 250 ವ್ಯಾಟ್‌ನ ಎಫ್‌ಎಂ ಮರುಪ್ರಸಾರದಿಂದ. ಇದಕ್ಕೆ ಅದೂ ಇಲ್ಲ. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಂತೂ ಎಎಂ ಅನ್ನೇ ತೆಗೆದುಬಿಟ್ಟಿದ್ದಾರೆ.

ಮೇಷ್ಟ್ರ ಲೆಕ್ಕ ಬೇರೆ. ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್ಬಾಲ್, ಹಿಮ ಬಿದ್ದ ಬೆಳಿಗ್ಗೆ ಶಾಲೆ ಇದೆಯೋ ಇಲ್ಲವೋ, ಊರಲ್ಲಿ ತೀರಿಕೊಂಡವರ ಹೆಸರು. 2017ರಲ್ಲಿ ಎಫ್‌ಸಿಸಿ ಊರಲ್ಲೇ ಸ್ಟುಡಿಯೋ ಇರಬೇಕೆಂಬ ನಿಯಮ ಕೈಬಿಟ್ಟಿತು. ಹಾಗಾಗಿ ಅವರ ಮನೆಯ ನೆಲಮಾಳಿಗೆಯೇ ಸ್ಟುಡಿಯೋ. ಕರೆಂಟ್ ಬಿಲ್‌ಗೆ ಅಂಗಡಿಯವರು ನಾಲ್ಕು ಜಾಹೀರಾತು ಕೊಟ್ಟರೆ ಸಾಕಂತೆ. ನನಗೆ ಅಷ್ಟು ನಂಬಿಕೆ ಇಲ್ಲ. ಆದರೂ ಶನಿವಾರ ಬಂದರೆ ಗುದ್ದಲಿ ಕಾರಿಗೆ ಹಾಕುತ್ತೇನೆ.

ಇವತ್ತು ಬಾಗಿಲು ಸರಿಯಾಗಿ ಮುಚ್ಚಿದೆ. ಟವರಿಗೆ ಬದಲು ಡಮ್ಮಿ ಲೋಡ್‌ಗೆ, ಅಂದರೆ ಪವರನ್ನೆಲ್ಲ ಬಿಸಿ ಮಾಡಿ ಕಳೆಯುವ ರೆಸಿಸ್ಟರ್ ಪೆಟ್ಟಿಗೆಗೆ ಜೋಡಿಸಿದ್ದೆವು. ಮೊದಲು 250 ವ್ಯಾಟ್. ಮೀಟರ್ ಮುಳ್ಳು ಎದ್ದು ನಿಂತಿತು. ಅರ್ಧ ಗಂಟೆ ಬಿಟ್ಟು 1 ಕಿಲೋವ್ಯಾಟ್. 50 ಓಮ್‌ಗೆ ಸುಮಾರು ನಾಲ್ಕೂವರೆ ಆಂಪಿಯರ್ ಬರಬೇಕಿತ್ತು, ಬಂತು.

ಹಳೇ ಯಜಮಾನರೂ ಬಂದಿದ್ದರು, ಊರುಗೋಲು ಹಿಡಿದು. ಮೇಷ್ಟ್ರು ಮೈಕ್ ಚಾಚಿದರು. ಡಮ್ಮಿ ಲೋಡ್, ಶೆಡ್ಡಿನಾಚೆ ಯಾರಿಗೂ ಕೇಳಿಸುವುದಿಲ್ಲ ಅಂತ ಅವರಿಗೂ ಗೊತ್ತು. ಆದರೂ ಕೈಗಡಿಯಾರ ನೋಡಿ, ಮೂರು ಗಂಟೆ ಹೊಡೆಯುವ ತನಕ ಕಾದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಗಂಟೆಗೊಮ್ಮೆ ಹೇಳಲೇಬೇಕಾದ ಸ್ಟೇಷನ್ನಿನ ಗುರುತಿನ ಅಕ್ಷರ, ಊರಿನ ಹೆಸರು ಹೇಳಿದರು. ಕಿಟಕಿಯಲ್ಲಿಟ್ಟಿದ್ದ ನನ್ನ ಪಾಕೆಟ್ ರೇಡಿಯೊದಲ್ಲಿ ಅದೇ ದನಿ ಸ್ವಲ್ಪ ಒಡಕಾಗಿ ಬಂತು. ‘ಬಾಸ್ ಜಾಸ್ತಿ ಆಯ್ತು’ ಅಂದರು ಯಜಮಾನರು.

ಬಾಕಿ ಇರುವುದು: 49 ತಂತಿ, ಬುಡದ ಪಟ್ಟಿ, ತುದಿಯ ದೀಪ, ತುರ್ತು ಎಚ್ಚರಿಕೆಯ ಪೆಟ್ಟಿಗೆ, ಎಫ್‌ಸಿಸಿ ಒಪ್ಪಿಗೆ. ಮುಂದಿನ ಶನಿವಾರ ತಂತಿ ಹೂಳುವ ನೇಗಿಲಿಗೆ ಒಬ್ಬ ರೈತರು ಟ್ರ್ಯಾಕ್ಟರ್ ಕೊಡುತ್ತೇನೆ ಅಂದಿದ್ದಾರೆ, ಮಳೆ ಬರದಿದ್ದರೆ.