ಹಾಗಾದ್ರೆ ಇನ್ನು ಮಾತಾಡೋದು ಬೇಡ್ವಾ?

ಈ ವಾರ ಮಗುವಿನ ಶ್ರವಣ ಪರೀಕ್ಷೆಯ ವರದಿ ಕೇಳಿದ ಮೂವರಲ್ಲಿ ಯಾರೂ ಅಳಲಿಲ್ಲ. ಒಂಬತ್ತು ವಾರದ ಹೆಣ್ಣುಮಗು ಅಮ್ಮನ ತೊಡೆಯ ಮೇಲಿತ್ತು. ಎಲೆಕ್ಟ್ರೋಡು ಅಂಟಿಸಿದ್ದ ಜಾಗದ ಜೆಲ್ ಹಣೆಯ ಮೇಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಎರಡೂ ಕಿವಿಯಲ್ಲಿ ತೀವ್ರ ಶ್ರವಣದೋಷವಿದೆ ಎಂದು ತಿಳಿಸಿದಾಗ ಅಪ್ಪ ಕೇಳಿದ್ದು, "ಎಷ್ಟು ಪರ್ಸೆಂಟ್ ಕೇಳ್ಸುತ್ತೆ ಮೇಡಂ?" ಅಜ್ಜಿ ಏನೂ ಕೇಳಲಿಲ್ಲ. ಮಗುವಿನ ತಲೆಯ ಹಿಂದೆ ಬಂದು ಜೋರಾಗಿ ಒಂದು ಚಪ್ಪಾಳೆ ತಟ್ಟಿದರು. ಮಗು ಬೆಚ್ಚಿಬಿದ್ದಿತು. "ನೋಡಿದ್ರಾ?" ಎಂದರು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಹಾಗಾದ್ರೆ ಇನ್ನು ಇವಳ ಹತ್ರ ಮಾತಾಡೋದು ಬೇಡ್ವಾ?" ಎಂದರು.

ಅಜ್ಜಿಯ ಚಪ್ಪಾಳೆಯನ್ನು ಮೊಂಡುತನ ಎಂದು ತಳ್ಳಿಹಾಕುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಅವರು ಮಾಡಿದ್ದೂ ಒಂದು ಪರೀಕ್ಷೆಯೇ, ತಪ್ಪು ಪರೀಕ್ಷೆ ಅಷ್ಟೆ. ಕಿವಿಯ ಪಕ್ಕದಲ್ಲಿ ತಟ್ಟಿದ ಚಪ್ಪಾಳೆ ಕ್ಷಣಮಾತ್ರ 90 ಡೆಸಿಬೆಲ್ ದಾಟಬಲ್ಲದು. 75 ಡೆಸಿಬೆಲ್‌ನಿಂದ ಮೇಲಿನದು ಮಾತ್ರ ಕೇಳುವ ಈ ಮಗುವಿಗೂ ಅದು ಕೇಳುತ್ತದೆ. ಏನೂ ಕೇಳದ ಮಗು ಕೂಡ ಬೆಚ್ಚಬಹುದು: ಕೈ ಬೀಸಿದ ಗಾಳಿ ಕೆನ್ನೆಗೆ ತಾಗುತ್ತದೆ, ಕಣ್ಣಂಚಿನಲ್ಲಿ ನೆರಳು ಸರಿಯುತ್ತದೆ, ಎತ್ತಿಕೊಂಡವರ ಮೈಯೇ ಸದ್ದಿಗೆ ಅದುರುತ್ತದೆ. ಪಾತ್ರೆ ಬಿದ್ದರೆ ನೆಲ ನಡುಗುತ್ತದೆ, ಬಾಗಿಲು ಬಡಿದರೆ ತೊಟ್ಟಿಲು ಅಲುಗುತ್ತದೆ. ಇನ್ನೊಂದು ಗೊಂದಲ, ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಉಳಿದ ಕೂಸುಗಳ ಹಾಗೆಯೇ ಊಂ ಆಂ ಎನ್ನುತ್ತದೆ. ಬಬಬ, ದದದ ಎಂದು ಅಕ್ಷರ ಜೋಡಿಸುವ ಹಂತ ಬಂದಾಗಲಷ್ಟೇ ವ್ಯತ್ಯಾಸ ಎದ್ದು ಕಾಣುವುದು. ಅಂದರೆ ಒಂಬತ್ತು ವಾರಕ್ಕೆ ಮನೆಯವರ ಕಣ್ಣಿಗೆ ಬೀಳುವುದೆಲ್ಲ ಯಂತ್ರದ ವಿರುದ್ಧ ಸಾಕ್ಷಿ ಹೇಳುತ್ತಿರುತ್ತದೆ.

ಇದು ಇತ್ತೀಚೆಗೆ ಹುಟ್ಟಿಕೊಂಡ ಸಂಕಟ. ನವಜಾತ ಶಿಶುಗಳ ತಪಾಸಣೆ ಇಲ್ಲದಿದ್ದಾಗ ಅನುಮಾನ ಮೊದಲು ಮೂಡುತ್ತಿದ್ದದ್ದು ತಾಯಿಗೆ. "ಕಾಯಿರಿ, ಕೆಲವು ಮಕ್ಕಳು ತಡವಾಗಿ ಮಾತಾಡ್ತಾವೆ" ಎಂದು ಸುತ್ತಲಿನವರೆಲ್ಲ ಅವಳನ್ನು ಸುಮ್ಮನಾಗಿಸುತ್ತಿದ್ದರು. ನಿರ್ಣಯವಾಗುವ ಹೊತ್ತಿಗೆ ಮಗುವಿಗೆ ಎರಡು ವರ್ಷ ದಾಟಿರುವುದು ಸಾಮಾನ್ಯವಾಗಿತ್ತು. ಆ ತಾಯಂದಿರ ದುಃಖದೊಳಗೆ ಸಿಟ್ಟಿರುತ್ತಿತ್ತು, ತಾನು ಹೇಳಿದ್ದೇ ನಿಜವಾಯಿತೆಂಬ ಒಂದು ಬಗೆಯ ನಿರಾಳವೂ ಇರುತ್ತಿತ್ತು. 1978ರಲ್ಲಿ ಡೇವಿಡ್ ಕೆಂಪ್ ಒಳಗಿವಿ ತಾನೇ ಹೊರಡಿಸುವ ಸಣ್ಣ ಪ್ರತಿಧ್ವನಿಯನ್ನು ಅಳೆದು ತೋರಿಸಿದ ಮೇಲೆ ಈ ಕ್ರಮ ತಿರುಗುಮುರುಗಾಯಿತು. ಆ ಪ್ರತಿಧ್ವನಿಯನ್ನು ಹಿಡಿಯುವ ಓಎಇ ಪರೀಕ್ಷೆ, ಮಗು ಮಲಗಿದ್ದರೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಈಗ ಯಂತ್ರಕ್ಕೆ ಮೊದಲು ಗೊತ್ತಾಗುತ್ತದೆ, ತಾಯಿಗೆ ಆಮೇಲೆ. ನಿನ್ನೆಯ ಮಗುವೇ ಇವತ್ತೂ ತೊಡೆಯ ಮೇಲಿದೆ, ಏನೂ ಬದಲಾಗಿಲ್ಲ, ಎದುರು ಕೂತ ಅಪರಿಚಿತರು ಮಾತ್ರ ಎಲ್ಲ ಬದಲಾಗಿದೆ ಎನ್ನುತ್ತಿದ್ದಾರೆ. ಹೀಗಿರುವಾಗ ನಂಬದಿರುವುದೇ ಸಹಜ.

ಅಪನಂಬಿಕೆಗೆ ನೀರೆರೆಯುವವರು ತಪಾಸಣೆ ಮಾಡುವ ನಮ್ಮ ಕಡೆಯಲ್ಲೂ ಇದ್ದಾರೆ. ಮೊದಲ ತಪಾಸಣೆ ಪಾಸಾಗದಿದ್ದಾಗ "ಏನಿಲ್ಲ, ಕಿವಿಯಲ್ಲಿ ನೀರಿದೆ, ಮಷೀನ್ ಹಿಡಿಯಲಿಲ್ಲ" ಎಂದು ಕಳಿಸಿಬಿಡುತ್ತಾರೆ. ಮಾತು ಸುಳ್ಳಲ್ಲ. ಹುಟ್ಟಿದ ಮೊದಲ ದಿನ ಕಿವಿಯ ನಾಳದಲ್ಲಿ ಗರ್ಭದ ದ್ರವ, ಬಿಳಿ ಲೇಪ ಉಳಿದಿರುತ್ತದೆ, ಮೊದಲ ಸಲ ಪಾಸಾಗದ ಬಹುಪಾಲು ಮಕ್ಕಳ ಕಿವಿ ಸರಿಯಾಗಿಯೇ ಇರುತ್ತದೆ. ಆದರೆ "ಏನಿಲ್ಲ" ಎಂದು ಕೇಳಿಸಿಕೊಂಡವರು ಎರಡನೆಯ ಪರೀಕ್ಷೆಗೆ ಬರುವುದಿಲ್ಲ. "ಬಹುಶಃ ಏನಿಲ್ಲ, ಆದರೆ ಇಂಥ ದಿನ ಬಂದು ಖಚಿತ ಮಾಡಿಕೊಳ್ಳಿ" ಎನ್ನಲು ಎಷ್ಟು ಹೊತ್ತು ಬೇಕು? ತೀವ್ರ ನಿಗಾ ಘಟಕದಲ್ಲಿದ್ದ ಮಗುವಿಗಂತೂ ಓಎಇ ಒಂದೇ ಸಾಲದು. ಆ ಪ್ರತಿಧ್ವನಿ ಹೊರಡಿಸುವ ಒಳಗಿವಿಯ ಹೊರ ಕೂದಲು ಕೋಶಗಳು ಚೆನ್ನಾಗಿದ್ದು, ಸದ್ದು ಅಲ್ಲಿಂದ ನರಕ್ಕೆ ಸರಿಯಾಗಿ ದಾಟದ ಸ್ಥಿತಿಯೂ ಇದೆ. ಅದಕ್ಕೆ ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಆಗ ಓಎಇ ಪಾಸು, ಸದ್ದಿಗೆ ನರ ಕೊಡುವ ವಿದ್ಯುತ್ ಸಂಕೇತವನ್ನು ಅಳೆಯುವ ಬೆರಾ ಪರೀಕ್ಷೆಯಲ್ಲಿ ಅಲೆಯೇ ಇಲ್ಲ.

ಬೆರಾ ನಡೆಯುವ ರೀತಿಯನ್ನು ತಂದೆತಾಯಿ ಕಣ್ಣಾರೆ ನೋಡಬೇಕು. ವರದಿಯ ಹಾಳೆಗಿಂತ ಅದು ಹೆಚ್ಚು ಅರ್ಥವಾಗುತ್ತದೆ. ಹಾಲು ಕುಡಿದು ಮಲಗಿದ ಮಗುವಿನ ಹಣೆಗೆ, ಎರಡೂ ಕಿವಿಯ ಹಿಂದಕ್ಕೆ ಎಲೆಕ್ಟ್ರೋಡು ಅಂಟಿಸಿ, ಕಿವಿಗೆ ಸಣ್ಣ ಫೋಮ್ ತುದಿ ಇಟ್ಟು ಸಾವಿರಾರು ಸಲ ಚಿಕ್ಕ ಸದ್ದು ಕೊಡುತ್ತಾರೆ. ಪ್ರತಿ ಸದ್ದಿಗೆ ನರದಿಂದ ಬರುವ ವಿದ್ಯುತ್ ಸಂಕೇತ ಎಷ್ಟು ಸಣ್ಣದೆಂದರೆ ಸಾವಿರಾರನ್ನು ಸರಾಸರಿ ಮಾಡಿದರಷ್ಟೇ ಕಾಣುತ್ತದೆ. ನೋಡುವುದು ಆ ಸಂಕೇತದ ಐದನೆಯ ಅಲೆಯನ್ನು. ಸದ್ದು ಇಳಿಸುತ್ತ ಹೋದಂತೆ ಅದು ತಡವಾಗುತ್ತ, ಸಣ್ಣದಾಗುತ್ತ, ಒಂದು ಮಟ್ಟದಲ್ಲಿ ಮಾಯವಾಗುತ್ತದೆ. 500, 1000, 2000, 4000 ಹರ್ಟ್ಜ್‌ನಲ್ಲಿ ಬೇರೆಬೇರೆಯಾಗಿ, ಎರಡೂ ಕಿವಿಗೆ ಮಾಡಿ ಮುಗಿಸಲು ಒಂದೆರಡು ಗಂಟೆ ಬೇಕು. ಮಗು ಮಧ್ಯೆ ಎದ್ದರೆ ಇನ್ನೊಂದು ದಿನ. ಯಂತ್ರ ಮಗುವಿನ ನಡವಳಿಕೆಯನ್ನು ಕೇಳುತ್ತಿಲ್ಲ, ನರವನ್ನೇ ಕೇಳುತ್ತಿದೆ ಎಂಬುದು ಪರದೆ ನೋಡಿದರೆ ಹೊಳೆಯುತ್ತದೆ.

ಅಪ್ಪನ ಪರ್ಸೆಂಟಿಗೆ ಮಾತ್ರ ಉತ್ತರ ಕೊಡಬಾರದು. ಡೆಸಿಬೆಲ್ ಅಂಕಗಳ ಹಾಗೆ ನೂರಕ್ಕೆ ಇಷ್ಟು ಎಂದು ಏರುವುದಲ್ಲ, 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. "75 ಪರ್ಸೆಂಟ್ ಕೇಳಲ್ಲ" ಎಂದುಬಿಟ್ಟರೆ ಉಳಿದ 25ರಲ್ಲಿ ಏನೋ ನಡೆದುಹೋಗುತ್ತದೆ ಎಂದು ಅಪ್ಪ ಲೆಕ್ಕ ಹಾಕಿಕೊಳ್ಳುತ್ತಾರೆ. ಒಂದು ಮೀಟರು ದೂರದ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಈ ಮಗುವಿಗೆ ಕೇಳುವುದು 75ರಿಂದ ಮೇಲೆ. ಅಂದರೆ ತೊಟ್ಟಿಲಿನಲ್ಲಿರುವಾಗ ಶ್ರವಣಯಂತ್ರವಿಲ್ಲದೆ ಮಾತು ಕೇಳುವುದಿಲ್ಲ. ಇಷ್ಟೇ ಹೇಳಿದರೆ ಸಾಕು. ಸಂಖ್ಯೆ ಕೇಳುವ ಅಪ್ಪಂದಿರನ್ನು ಕಲ್ಲೆದೆಯವರು ಎಂದುಕೊಳ್ಳುವುದು ಅನ್ಯಾಯ. ಹಿಡಿದುಕೊಳ್ಳಲು ಏನಾದರೊಂದು ಬೇಕು, ಅವರಿಗೆ ಸಿಕ್ಕಿದ್ದು ಅಂಕಿ.

ವಾರವಿಡೀ ನನ್ನನ್ನು ಬಿಡದಿರುವುದು ಅಮ್ಮನ ಮಾತು. "ಮಾತಾಡೋದು ಬೇಡ್ವಾ?" ಅದರಲ್ಲಿ ವ್ಯಂಗ್ಯವಿರಲಿಲ್ಲ. ವೈದ್ಯರು ಪಥ್ಯ ಹೇಳಿದಾಗ "ಉಪ್ಪು ಬೇಡ್ವಾ?" ಎಂದು ಕೇಳುವಷ್ಟೇ ಸರಳವಾಗಿ ಕೇಳಿದ್ದರು. ಒಂಬತ್ತು ವಾರ ಎತ್ತಿಕೊಂಡು, ಅದಕ್ಕೂ ಮುಂಚೆ ಹೊಟ್ಟೆಯ ಮೇಲೆ ಕೈಯಿಟ್ಟು ಆಡಿದ್ದೆಲ್ಲ ಯಾರಿಗೂ ತಲುಪದೆ ಹೋಯಿತು ಎಂಬ ಲೆಕ್ಕ ಆ ಹೊತ್ತಿಗೇ ಮುಗಿದಿತ್ತು. ದುಃಖಕ್ಕೆ ನಿರಾಕರಣೆ, ಸಿಟ್ಟು, ಚೌಕಾಸಿ ಎಂದು ಮೆಟ್ಟಿಲು ಕಟ್ಟಿದವರು 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್. ಅವರು ಬರೆದದ್ದು ಸಾವಿನ ಅಂಚಿನಲ್ಲಿದ್ದವರ ಬಗ್ಗೆ. ಇಲ್ಲಿ ಯಾರೂ ಸಾಯುತ್ತಿಲ್ಲ, ಮಗು ಹಾಲಿಗಾಗಿ ಅಳುತ್ತಿದೆ. ಶೋಕಕ್ಕೆ ಕೂರಲು ಪುರುಸೊತ್ತೇ ಇಲ್ಲದ ಶೋಕ ಇದು.

ಮಾತು ಬೇಡ ಎನ್ನಲು ಒಂದೂ ಕಾರಣವಿಲ್ಲ. ದೂರ ಅರ್ಧವಾದಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಮೀಟರಿನಿಂದ ಹನ್ನೆರಡು-ಹದಿಮೂರು ಸೆಂಟಿಮೀಟರಿಗೆ ಬಂದರೆ 60 ಇದ್ದದ್ದು 78 ಆಗುತ್ತದೆ. ಹೆಗಲ ಮೇಲೆ ಮಲಗಿಸಿಕೊಂಡು ಕಿವಿಯ ಬಳಿ ಹಾಡಿದ ಜೋಗುಳದ ಆ, ಊ, ಓ ಸ್ವರಗಳ ಒಂದಿಷ್ಟು ಈ ಮಗುವಿಗೆ ತಲುಪಿರುವ ಸಂಭವ ಇದ್ದೇ ಇದೆ. ಸ್, ಶ್, ತ್ ತಲುಪಿರಲಾರವು. ಪೂರ್ಣ ಕಿವುಡಿರುವ ಮಗುವಿಗೆ ಸ್ವರವೂ ತಲುಪುವುದಿಲ್ಲ, ಅಲ್ಲಿ ಎದೆಯ ಕಂಪನ ಇದೆ, ಉಸಿರಿದೆ, ಮುಖವಿದೆ. ಮಾತಾಡುವ ಮುಖ ಹುಬ್ಬೇರಿಸುತ್ತದೆ, ನಗುತ್ತದೆ, ಮಗುವಿನ ಸರದಿಗಾಗಿ ಕಾಯುತ್ತದೆ. ತಾಯಿ ಮಾತು ನಿಲ್ಲಿಸಿದರೆ ಮುಖವೂ ನಿಲ್ಲುತ್ತದೆ, ಮಗು ಕಳೆದುಕೊಳ್ಳುವುದು ಅದನ್ನು. ಹಾಗಾಗಿ ಮುಖಕ್ಕೆ ಬೆಳಕು ಬೀಳುವ ಕಡೆ ಕೂತು, ಹತ್ತಿರದಿಂದ, ಮಗು ಕಣ್ಣು ಕೊಟ್ಟಾಗ ಮಾತಾಡಬೇಕು. ಕಿರುಚಬಾರದು. ಕಿರುಚಿದರೆ ಸ್ವರವಷ್ಟೇ ಉಬ್ಬುತ್ತದೆ, ವ್ಯಂಜನಗಳು ಅದರಡಿ ಮುಚ್ಚಿಹೋಗುತ್ತವೆ, ಮುಖ ಸಿಟ್ಟಾದಂತೆ ಕಾಣುತ್ತದೆ.

ಮಾತಿನ ಜೊತೆಗೆ ಸನ್ನೆ ಭಾಷೆಯನ್ನೂ ಅಂದೇ ಹೇಳಬೇಕು ಎನ್ನುವವಳು ನಾನು. ಸನ್ನೆ ಕಲಿತರೆ ಮಗು ಮಾತಾಡುವುದೇ ಇಲ್ಲ ಎಂದು ಹೆದರಿಸುವವರು ವೃತ್ತಿಯೊಳಗೇ ಇದ್ದಾರೆ, ಅದಕ್ಕೆ ಆಧಾರ ಕಾಣೆ. ಮೊದಲ ವರ್ಷಗಳಲ್ಲಿ ಯಾವ ಭಾಷೆಯೂ ಪೂರ್ತಿ ಸಿಗದಿರುವುದು ನಿಜವಾದ ಅಪಾಯ. ಕಿವುಡ ತಂದೆತಾಯಿಯ ಕಿವುಡು ಮಕ್ಕಳು ಕೈಯಲ್ಲೇ ತೊದಲುತ್ತಾರೆ ಎಂದು 1991ರಲ್ಲಿ ಲಾರಾ ಪೆಟಿಟೊ ಮತ್ತು ಪೌಲಾ ಮ್ಯಾರೆಂಟೆಟ್ ತೋರಿಸಿದರು. ಅಂಥ ಮನೆಗಳಲ್ಲಿ ಇದೇ ವರದಿಗೆ ಎಷ್ಟೋ ಸಲ ಯಾರೂ ಕುಗ್ಗುವುದಿಲ್ಲ, ಮಗುವಿನ ಜೊತೆ ಆಡಲು ಅವರ ಬಳಿ ಭಾಷೆ ಸಿದ್ಧವಿದೆ. ಆದರೆ ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಕೇಳುತ್ತದೆ. ಅವರಲ್ಲಿ ಬಹಳಷ್ಟು ಜನ ಕಂಡ ಮೊದಲ ಕಿವುಡ ವ್ಯಕ್ತಿ ಅವರ ಮಗುವೇ.

ಆಮೇಲಿನದು ತಪ್ಪಿತಸ್ಥರ ಹುಡುಕಾಟ. ಬಸಿರಲ್ಲಿ ಏನು ತಿಂದೆ, ಯಾವ ಮಾತ್ರೆ ನುಂಗಿದೆ, ಎಲ್ಲಿ ಹೋಗಿದ್ದೆ ಎಂದು ಪ್ರಶ್ನೆಗಳೆಲ್ಲ ತಾಯಿಯ ಕಡೆಗೇ. ಹುಟ್ಟು ಕಿವುಡಿನಲ್ಲಿ ಅರ್ಧಕ್ಕಿಂತ ಹೆಚ್ಚು ವಂಶವಾಹಿಯಿಂದ ಬರುವಂಥದ್ದು. ಹೆಚ್ಚಾಗಿ ಸಿಗುವ ಜಿಜೆಬಿ2 ವಂಶವಾಹಿಯ ದೋಷದಲ್ಲಿ ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಪ್ರತಿ ಸೇರಬೇಕು. ಇಬ್ಬರ ಕಿವಿಯೂ ಚೆನ್ನಾಗಿರುತ್ತದೆ, ಪ್ರತಿ ಬಸಿರಿಗೂ ಸಾಧ್ಯತೆ ನಾಲ್ಕರಲ್ಲಿ ಒಂದು. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ. ಸೈಟೊಮೆಗಲೋ ವೈರಸ್ ಇನ್ನೊಂದು ಕಾರಣ. ಅದು ಹುಟ್ಟುವ ಮುಂಚೆಯೇ ತಗುಲಿತ್ತೇ ಎಂದು ನೇರವಾಗಿ ಖಚಿತಪಡಿಸಲು ಹುಟ್ಟಿದ 21 ದಿನದೊಳಗೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆಯಾಗಬೇಕು, "ಏನಿಲ್ಲ" ಎಂದು ಕಳಿಸಿದ್ದರಿಂದ ಆಗುವ ಇನ್ನೊಂದು ನಷ್ಟ ಇದು. ಕಣ್ಣಿನ ಪರೀಕ್ಷೆ, ಇಸಿಜಿ ಬರೆದುಕೊಟ್ಟಾಗ ಮನೆಯವರು ಮತ್ತೆ ಕುಸಿಯುತ್ತಾರೆ. ಕಿವುಡಿನ ಜೊತೆ ಹೃದಯದ ಲಯ ತಪ್ಪುವ ಅಪರೂಪದ ಕಾಯಿಲೆಯೊಂದಿದೆ, ಅದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇಸಿಜಿ ಎಂದು ಬರೆದುಕೊಟ್ಟವರೇ ವಿವರಿಸಬೇಕು.

ದುಃಖಕ್ಕೆ ಸಮಯ ಕೊಡಿ ಎನ್ನುವುದು ಸುಲಭ. ಆದರೆ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ನೆರವು ಶುರು ಎಂಬುದು ಒಪ್ಪಿತ ಗಡುವು. ಹಾಗಾಗಿ ವರದಿ ಬಂದ ಬೆನ್ನಿಗೇ, ಶ್ರವಣಯಂತ್ರ ಕೂರಿಸಲು, ಕಿವಿಯ ಅಚ್ಚು ತೆಗೆಯುತ್ತಾರೆ. ನೂಲು ಕಟ್ಟಿದ ಸಣ್ಣ ಸ್ಪಂಜು ಒಳಗಿಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ಎಳೆದು ತೆಗೆಯುವುದು. ಕೂಸಿನ ಕಿವಿ ಬೇಗ ಬೆಳೆಯುತ್ತದೆ, ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾಗಬಹುದು. ಸಡಿಲವಾದರೆ ಹೊರಬಿದ್ದ ಸದ್ದು ಮತ್ತೆ ಮೈಕಿಗೆ ಹೊಕ್ಕು ಯಂತ್ರ ಕುಂಯ್ ಎನ್ನುತ್ತದೆ. ಅಪ್ಪಿಕೊಂಡಾಗಲೂ ಹಾಗೇ. ಅಪ್ಪಿಕೊಂಡ ಪ್ರತಿ ಸಲ ಮಗು ಕೀರಲು ಶಬ್ದ ಮಾಡಿದರೆ ತಾಯಿಗೆ ಏನಾಗಬಹುದು ಯೋಚಿಸಿ. ಅದು ಅಚ್ಚು ಚಿಕ್ಕದಾದ ಸೂಚನೆ ಅಥವಾ ಎದೆ ಮೈಕಿಗೆ ಒತ್ತಿದ ಪರಿಣಾಮ ಎಂದು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಯಂತ್ರ ಪೆಟ್ಟಿಗೆ ಸೇರುತ್ತದೆ. ಬ್ಯಾಟರಿ ಬಾಗಿಲಿಗೆ ಬೀಗ ಇರುವುದನ್ನೇ ಕೇಳಿ ಪಡೆಯಬೇಕು, ನುಂಗಿದ ಗುಂಡಿ ಬ್ಯಾಟರಿ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಯಂತ್ರ ಕಿವಿಯ ಮೇಲೆ ಕೂತ ದಿನ ಇನ್ನೊಂದು ಪೆಟ್ಟು. ಅಲ್ಲಿಯವರೆಗೆ ಗುಟ್ಟಾಗಿದ್ದದ್ದು ಈಗ ಕಂಡವರಿಗೆಲ್ಲ ಕಾಣುತ್ತದೆ. ದಪ್ಪ ಟೋಪಿ ಹಾಕಿ ಮುಚ್ಚುತ್ತಾರೆ, ಮೈಕು ಮುಚ್ಚಿಹೋಗಿ ಯಂತ್ರ ಮತ್ತೆ ಕೂಗುತ್ತದೆ.

ಶಸ್ತ್ರಕ್ರಿಯೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗುವ ಮಕ್ಕಳಲ್ಲಿ ದುಃಖ ಮತ್ತೆ ಏಳುವುದು ಸ್ವಿಚ್ ಆನ್ ಮಾಡುವ ದಿನ. ಫೋನಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿ ಎಲ್ಲ ಮಕ್ಕಳೂ ಅಮ್ಮನ ದನಿ ಕೇಳಿ ನಗುತ್ತವೆ. ಆದರೆ ನಿಜದಲ್ಲಿ ಕ್ಯಾಮೆರಾ ಹಿಡಿದು ಕೂತ ಮನೆಯವರ ಎದುರು ಎಷ್ಟೋ ಮಕ್ಕಳು ಹೆದರಿ ಅಳುತ್ತವೆ, ಕೆಲವು ಆಟಿಕೆಯಿಂದ ತಲೆಯನ್ನೇ ಎತ್ತುವುದಿಲ್ಲ. ಅತ್ತರೆ ಸದ್ದು ತಲುಪಿತು ಎಂದು ತಿಳಿಯಬಹುದು. ಸುಮ್ಮನಿದ್ದರೂ ಹೆದರಬೇಕಿಲ್ಲ, ಮೊದಲ ಮಟ್ಟವನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, ಮುಂದಿನ ವಾರಗಳಲ್ಲಿ ಏರಿಸುತ್ತ ಹೋಗುತ್ತಾರೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು, ಅದರ ಬದಲು ಮಗುವಿಗೆ ಇಷ್ಟವಾದ ಆಟಿಕೆಯೊಂದನ್ನು ತನ್ನಿ, ಅಂದಿನ ಸೂಚನೆಗಳನ್ನು ಬರೆದುಕೊಳ್ಳಲು ಅಳದೆ ಕೂರಬಲ್ಲ ಯಾರನ್ನಾದರೂ ಕರೆತನ್ನಿ.