ಅಮ್ಮಮ್ಮನ ಬೆರಳಿಗೆ ಸೆನ್ಸರ್ ಹಾಕಿದ್ದು ಯಾರು?

ಕೇಳಿದ್ದು ಪಕ್ಕದ ಮನೆಯ ಆರು ವರ್ಷದ ಹುಡುಗಿ. ಸ್ವೀಡನ್ನಿನ ಉಮೆಯೊದಲ್ಲಿ ಡಿಸೆಂಬರಿನ ಮಧ್ಯಾಹ್ನ ಎರಡೂವರೆಗೇ ಕತ್ತಲು. ಶಿರಸಿ ಕಡೆ ಆಗ ಸಂಜೆ ಏಳು, ಅಡಕೆ ಸುಲಿಯುವ ಹೊತ್ತು. ವಿಡಿಯೊ ಕರೆಯಲ್ಲಿ ಅಮ್ಮಮ್ಮ ಮೆಟ್ಟುಗತ್ತಿಯ ಮುಂದೆ ಕೂತು, ಮೊಮ್ಮಗಳ ಮುಖವನ್ನೇ ನೋಡುತ್ತ, ಕೈಯತ್ತ ಕಣ್ಣು ಹಾಯಿಸದೆ ಅಡಕೆ ಸುಲಿಯುತ್ತಿದ್ದರು. ಹುಡುಗಿಯ ಎಡಗೈ ಕೆಲಸದಲ್ಲಿ ಬಲಗೈಗಿಂತ ಹಿಂದೆ. ಅದೇ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸೆನ್ಸರ್ ಕೂರಿಸಿದ ಪುಟ್ಟ ಪೆಟ್ಟಿಗೆಯನ್ನು ಹತ್ತಾರು ಸಲ ಎತ್ತಿ ಇಳಿಸಿ ಬಂದಿದ್ದಳು. "ಬೆರಳಿಗೆ ಕರೆ ಹತ್ತಿದ್ದು ಬಿಟ್ರೆ ಎಂತದೂ ಇಲ್ಲೆ ಮಗಾ" ಎಂದರು ಅಮ್ಮಮ್ಮ.

ಅವಳು ಎತ್ತಿದ ಪೆಟ್ಟಿಗೆಯ ಎರಡು ಬದಿಗೆ ಹೆಬ್ಬೆರಳು, ತೋರುಬೆರಳು ಇಡುವ ಬಿಲ್ಲೆಗಳು. ಬಿಲ್ಲೆಗಳ ಹಿಂದೆ ಬಲ ಅಳೆಯುವ ಲೋಡ್‌ಸೆಲ್. ಎಷ್ಟು ಒತ್ತಿ ಹಿಡಿದಳು, ಎಷ್ಟು ಬಲದಿಂದ ಎತ್ತಿದಳು ಎಂಬ ಎರಡು ಗೆರೆಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ. ವಿಷಯ ಇರುವುದು ಆ ಎರಡು ಗೆರೆಗಳ ಜೋಡಿನಲ್ಲಿ. ಇದೇ ಊರಿನಲ್ಲಿ ರೋಲಂಡ್ ಯೋಹಾನ್ಸನ್ ಮತ್ತು ಯೋರಾನ್ ವೆಸ್ಟ್ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಿಲ್ಲೆಗೆ ಮರಳುಕಾಗದ, ಸ್ವೇಡ್ ಚರ್ಮ, ರೇಷ್ಮೆ ಅಂಟಿಸಿ ನೋಡಿದ್ದರು. ಮೇಲ್ಮೈ ಜಾರಿದಷ್ಟೂ ಬೆರಳು ಬಿಗಿ ಹೆಚ್ಚಿಸುತ್ತದೆ, ಆದರೆ ಜಾರದಿರಲು ಬೇಕಾದ್ದಕ್ಕಿಂತ ತುಸುವೇ ಹೆಚ್ಚು. ವಸ್ತು ಜಾರತೊಡಗಿದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮೊದಲೇ ಹಿಡಿತ ಬಿಗಿಯಾಗುತ್ತದೆ. ಅಮ್ಮಮ್ಮನ ಕೈಯಲ್ಲಿ ಹಸಿ ಅಡಕೆ ತಿರುಗುವಾಗ ನಡೆಯುವುದೂ ಇದೇ.

ಇದು ಹುಟ್ಟಿನಿಂದ ಬರುವುದಿಲ್ಲ. ಪುಟ್ಟ ಮಗು ವಸ್ತುವನ್ನು ಎತ್ತುವ ಮೊದಲು ಕೆಳಕ್ಕೆ ಒತ್ತುತ್ತದೆ, ಬೇಕಾದ್ದಕ್ಕಿಂತ ಬಹಳ ಬಿಗಿಯಾಗಿ ಹಿಡಿಯುತ್ತದೆ. ಎರಡು ಬಲಗಳು ಒಟ್ಟಿಗೆ ಏರುವುದು ಎರಡು ವರ್ಷದ ಆಸುಪಾಸಿನಿಂದ ಶುರುವಾಗಿ, ಆರೆಂಟು ವರ್ಷದ ಹೊತ್ತಿಗೆ ದೊಡ್ಡವರ ಹತ್ತಿರ ಬರುತ್ತದೆ. ಪರೀಕ್ಷೆಯ ಅತಿ ಉಪಯುಕ್ತ ಭಾಗ ಬೇರೆಯೇ ಇದೆ: ಒಂದೇ ತೂಕವನ್ನು ನಾಲ್ಕೈದು ಸಲ ಎತ್ತಿಸಿ, ಮಗುವಿಗೆ ಕಾಣದಂತೆ ತೂಕ ಬದಲಿಸುವುದು. ಹಗುರ ಮಾಡಿದಾಗ ಪೆಟ್ಟಿಗೆ ಛಂಗನೆ ಮೇಲೆದ್ದರೆ, ಹಿಂದಿನ ತೂಕ ಕೈಗೆ ನೆನಪಿತ್ತು ಎಂದರ್ಥ. ಮೇಲೇಳದಿದ್ದರೆ ಆ ಕೈ ಪ್ರತಿ ಸಲವೂ ಹೊಸದಾಗಿ ತಡಕಾಡುತ್ತಿದೆ.

ತಪ್ಪುವ ಜಾಗಗಳೂ ಹಲವು. ಕೈಯ ಬಿಸಿಗೆ ಸೆನ್ಸರಿನ ಸೊನ್ನೆ ಸರಿಯುತ್ತದೆ, ಆಗಾಗ ಸೊನ್ನೆಗೆ ತಂದು, ಗೊತ್ತಿರುವ ತೂಕ ಇಟ್ಟು ತಾಳೆ ನೋಡಬೇಕು. ಅಗ್ಗದ ಪೊರೆಯಂಥ ಸೆನ್ಸರುಗಳು ಒತ್ತುವಾಗ ಒಂದು, ಬಿಡುವಾಗ ಇನ್ನೊಂದು ಅಂಕಿ ತೋರಿಸುತ್ತವೆ. ಬೆರಳು ಅಂಚಿಗೆ ಬಿದ್ದರೆ ಮತ್ತೊಂದು. ಹೊರಗಿನ ಚಳಿಯಿಂದ ಬಂದ ಬೆರಳು ಅರ್ಧ ಮರಗಟ್ಟಿರುತ್ತದೆ, ಬೆಚ್ಚಗಾಗುವವರೆಗೆ ಶುರುಮಾಡಬಾರದು.

ಕಾರವಾರದಲ್ಲಿ ಇದೇ ಕೆಲಸ ಮಾಡುವವರಿಗೆ ಸೆಕೆ, ತೇವದ ತಾಪತ್ರಯ. ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಚರ್ಮಕ್ಕೆ ತಾಗಿಸುವ ನೈಲಾನ್ ಎಳೆಗಳು, ಅಂದರೆ ಮೋನೋಫಿಲಮೆಂಟ್, ಬಾಗುವಷ್ಟೇ ಒತ್ತಬೇಕು. ತೇವಕ್ಕೆ ನೈಲಾನ್ ಮೆದುವಾಗಿ ಕಡಿಮೆ ಬಲಕ್ಕೇ ಬಾಗುತ್ತದೆ. ಆಗ ಮಗುವಿಗೆ ನಿಜಕ್ಕೂ ತಾಗಿದ್ದು ಎಳೆಯ ಮೇಲೆ ಬರೆದದ್ದಕ್ಕಿಂತ ಕಡಿಮೆ ಬಲ. ಮಳೆಗಾಲದಲ್ಲಿ ಎಳೆಗಳನ್ನು ಸಿಲಿಕಾ ಜೆಲ್ ಚೀಟಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿಡಬೇಕು, ಸಣ್ಣ ತಕ್ಕಡಿಯ ಮೇಲೆ ಒತ್ತಿ ಪರೀಕ್ಷಿಸಬೇಕು.

ಎಲ್ಲದಕ್ಕೂ ಯಂತ್ರ ಬೇಕೆಂದಿಲ್ಲ. ಕೈಯ ಚುರುಕು ಅಳೆಯುವ ಬಾಕ್ಸ್ ಆಂಡ್ ಬ್ಲಾಕ್ ಪರೀಕ್ಷೆಗೆ 2.5 ಸೆಂ.ಮೀ.ಯ 150 ಮರದ ಘನಗಳು, ಒಂದೊಂದೂ 25.4 ಸೆಂ.ಮೀ. ಅಗಲದ ಎರಡು ಅಂಕಣ, ನಡುವೆ 15.2 ಸೆಂ.ಮೀ. ಎತ್ತರದ ಅಡ್ಡಹಲಗೆ ಸಾಕು. 15 ಸೆಕೆಂಡು ರೂಢಿ, ಆಮೇಲೆ 60 ಸೆಕೆಂಡಿನಲ್ಲಿ ಎಷ್ಟು ದಾಟಿಸಿದರು ಎಂಬ ಎಣಿಕೆ. ಎರಡು ಒಟ್ಟಿಗೆ ಬಂದರೆ ಲೆಕ್ಕ ಒಂದೇ; ಬೆರಳತುದಿ ಹಲಗೆ ದಾಟದೆ ಎಸೆದದ್ದು ಲೆಕ್ಕಕ್ಕಿಲ್ಲ. ಗುಡಿಗಾರರ ಕೆತ್ತನೆಗೆ ಹೆಸರಾದ ಶಿರಸಿಯಲ್ಲಿ ಇದನ್ನು ಮಾಡಿಕೊಡುವ ಕೈಗಳಿಗೆ ಬರವಿಲ್ಲ.

ನಮ್ಮಲ್ಲಿ ಬರವಿರುವುದು ನೋಡುವ ಕಣ್ಣಿಗೆ, ಅದೂ ಹೊತ್ತಿಗೆ ಸರಿಯಾಗಿ ನೋಡುವ ಕಣ್ಣಿಗೆ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಚಾಚುತ್ತಿದ್ದರೆ, ಇನ್ನೊಂದು ಮುಷ್ಟಿ ಬಿಗಿದೇ ಇದ್ದರೆ, ಅದು ಒಂದು ಬದಿಯ ಸೆರೆಬ್ರಲ್ ಪಾಲ್ಸಿಯ, ಅಂದರೆ ಎಳೆಯ ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆ ಕುಂದುವ ತೊಂದರೆಯ, ಮೊದಲ ಸುಳಿವಾಗಿರಬಹುದು. ಎಡಗೈ ಮುಂದೆ ಮಾಡಿದರೆ "ಎಡಚ" ಎಂದು ಕೈ ತಟ್ಟಿ ತಿದ್ದುತ್ತೇವೆ. ಬಲಗೈ ಒಂದೇ ಮುಂದೆ ಬಂದರೆ ಒಳ್ಳೆಯದೇ ಆಯಿತು ಎಂದು ಸುಮ್ಮನಾಗುತ್ತೇವೆ. ಈ ಹುಡುಗಿಯದು ಎರಡನೆಯ ಬಗೆ. ಆಮೇಲೆ ಗುಂಡಿ ಹಾಕುವುದು, ತುತ್ತು ಕಲಸುವುದು ಎಲ್ಲ ಮನೆಯವರ ಚುರುಕು ಕೈಯೇ ಮಾಡಿಬಿಡುತ್ತದೆ, ಮಗುವಿನ ಕೈ ಎಲ್ಲಿ ನಿಂತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಅಂಗನವಾಡಿಗೆ ಮಕ್ಕಳ ತಪಾಸಣೆಯ ತಂಡ ಬರುತ್ತದೆ; ಆ ದಿನ ತಾಯಿ "ಒಂದೇ ಕೈ ಬಳಸ್ತು" ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ದೇವಿಮನೆ ಘಟ್ಟ ಇಳಿದು ಕಾರವಾರದ ಆಸ್ಪತ್ರೆ ಮುಟ್ಟುವುದು ಮಗುವಿಗೆ ಐದಾರು ವರ್ಷವಾದ ಮೇಲೆ.

ಈಗ ಅಮ್ಮಮ್ಮನಿಗೆ ಕೆಲಸ ಹತ್ತಿದೆ. ಆಸ್ಪತ್ರೆಯಲ್ಲಿ ಕೈಚೀಲದೊಳಗಿನ ವಸ್ತುವನ್ನು ಮುಟ್ಟಿ ಗುರುತಿಸುವ ಪರೀಕ್ಷೆಯೂ ಆಯಿತೆಂದು ಕೇಳಿ, "ಇಲ್ಲಿ ಅಂಗನವಾಡಿಗೂ ಒಂದು ಹೊಲ್ದು ಕೊಡ್ಲಾ?" ಎಂದು ಅಳತೆ ಕೇಳಿದ್ದಾರೆ. ಬರೆದು ಕಳಿಸಿದ್ದು ಇಷ್ಟು: ದಟ್ಟ ಬಣ್ಣದ ಬಟ್ಟೆ, ಬೆಳಕಿಗೆ ಹಿಡಿದರೂ ಒಳಗಿನದು ಕಾಣಬಾರದು. ಬಾಯಿಗೆ ಸಡಿಲ ಎಲಾಸ್ಟಿಕ್. ಒಳಗೆ ಒಣ ಅಡಕೆ, ಹುಣಸೆ ಬೀಜ, ಅಘನಾಶಿನಿಯ ಬೆಳಚಿನ ಚಿಪ್ಪು, ಗುಂಡಿ, ದಾರದ ಉಂಡೆ. ಅಂಥವೇ ಇನ್ನೊಂದು ಜೊತೆ ಹೊರಗೆ ತಟ್ಟೆಯಲ್ಲಿ. ಹೆಸರು ಕೇಳಬೇಡಿ, ತಟ್ಟೆಯಲ್ಲಿ ತೋರಿಸಲು ಹೇಳಿ, ಮಾತು ತಡವಾದ ಮಗುವಿಗೆ ಹೆಸರು ಬಾರದಿರಬಹುದು. ಚುರುಕು ಕೈ ಮೊದಲು, ಇನ್ನೊಂದು ಆಮೇಲೆ. ಒಮ್ಮೆಗೆ ಒಂದೇ ವಸ್ತು ಚೀಲದಲ್ಲಿರಲಿ, ಒಂದಕ್ಕೊಂದು ತಾಗಿದ ಸದ್ದೇ ಗುಟ್ಟು ಹೇಳಿಬಿಡುತ್ತದೆ. ನಾಣ್ಯ ಬೇಡ, ತಣ್ಣಗಿರುವುದರಿಂದಲೇ ತಿಳಿದುಬಿಡುತ್ತದೆ. ಹಸಿ ಗೇರುಬೀಜ ಖಂಡಿತ ಬೇಡ, ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಮೂರು ವರ್ಷದೊಳಗಿನವರಿಗೆ ಚೀಲವೇ ಬೇಡ, ಬೀಜ ಬಾಯಿಗೆ ಹೋಗುತ್ತದೆ.